ನಿನ್ನೆ ನೀರು ಕುಡಿಸಿದಿರಾ?

2019ರ ಸೆಪ್ಟೆಂಬರ್. ಪುಣೆಯ ವಾಕಡ್‌ನಲ್ಲಿ ನಮ್ಮದು ಬಾಡಿಗೆ ಮನೆ. ಒಂದು ಮಧ್ಯಾಹ್ನ ಕಾವಲುಗಾರನ ಹತ್ತು ಪ್ರಶ್ನೆಗಳಿಗೆ ಉತ್ತರ ಕೊಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ, ಇಬ್ಬರು ಹೆಂಗಸರು ಮೂರನೇ ಮಹಡಿಗೆ ಹತ್ತಿ ಬಂದು ಬೆಲ್ ಒತ್ತಿದರು. ಕೊರಳಲ್ಲಿ ಗುರುತಿನ ಚೀಟಿ, ಹೆಗಲಿಗೆ ಚೀಲ, ಒಬ್ಬಾಕೆಯ ಕೈಯಲ್ಲಿ ಪುಟ್ಟ ಕಂಪ್ಯೂಟರು. ತಾವು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು, ನಿಮ್ಮ ಮನೆ ಆಯ್ಕೆಯಾಗಿದೆ ಎಂದರು. ನನ್ನ ಮಗನಿಗೆ ಆಗ ನಾಲ್ಕೂವರೆ ತಿಂಗಳು. ಬಾಣಂತನ ಮುಗಿಸಿಕೊಂಡು ಧಾರವಾಡದಿಂದ ಬಂದು ಮೂರು ವಾರವಾಗಿತ್ತಷ್ಟೆ. ಅವ್ವ ಜೊತೆಗೇ ಬಂದಿದ್ದಳು.

ಒಂದು ಗಂಟೆಗೂ ಮಿಕ್ಕಿದ ಸಂದರ್ಶನ. ಅವ್ವನನ್ನು ಆ ಹೆಣ್ಣುಮಗಳು ನಯವಾಗಿ ಒಳಗೆ ಕಳಿಸಿದಳು, ಈ ಮಾತುಕತೆ ಖಾಸಗಿಯಾಗಿ ನಡೆಯಬೇಕೆಂದು. ಮಗುವಿನ ಲಸಿಕೆಯ ವಿವರ ಕೇಳಿದಾಗ ನಾನು ತಾಯಿ ಕಾರ್ಡ್ ತಂದುಕೊಟ್ಟೆ. ಅದರ ಕನ್ನಡ ಅವಳಿಗೆ ಓದಲು ಬರಲಿಲ್ಲ. ನಾನೇ ಒಂದೊಂದು ಸಾಲು ಮರಾಠಿಗೆ ತಿರುಗಿಸಿ ಹೇಳಿದೆ. ಆಮೇಲೆ ಶುರುವಾಯಿತು ನಿನ್ನೆಯ ಪಟ್ಟಿ. ನಿನ್ನೆ ಹಗಲು ಅಥವಾ ರಾತ್ರಿ ಮಗುವಿಗೆ ನೀರು ಕೊಟ್ಟಿರಾ? ಹಣ್ಣಿನ ರಸ? ಹಸುವಿನ ಹಾಲು? ಪುಡಿ ಹಾಲು? ಗಂಜಿ? ನಾನು ಪ್ರತಿಯೊಂದಕ್ಕೂ ‘ಇಲ್ಲ’ ಎಂದೆ. ಅವಳು ಒಂದೊಂದನ್ನೂ ಒತ್ತಿ ಮುಂದೆ ಹೋದಳು.

ಅವರು ಲಿಫ್ಟಿನ ಬಾಗಿಲು ಎಳೆದುಕೊಂಡದ್ದೇ ತಡ, ಅವ್ವ ಹೊರಗೆ ಬಂದಳು. ಅವಳಿಗೆ ಮರಾಠಿ ಅಷ್ಟಕ್ಕಷ್ಟೆ. ಆದರೆ ‘ಪಾಣಿ’ ಎಂಬ ಶಬ್ದ ತಿಳಿಯದಷ್ಟೇನಲ್ಲ. “ಅಲ್ಲವಾ, ನಿನ್ನಿ ಬಿಕ್ಕಳಿಕಿ ಬಂದಾಗ ನಾನ ಎರಡು ಚಮಚಾ ನೀರು ಕುಡಿಸೀನಲ್ಲ. ನಿನ್ನ ಮುಂದನ ಕುಡಿಸೀನಿ. ಆಕಿ ಮುಂದ ಯಾಕ ಇಲ್ಲ ಅಂದಿ?”

ನನ್ನಲ್ಲಿ ಉತ್ತರವಿರಲಿಲ್ಲ. ಎಂ.ಟೆಕ್. ಮಾಡುವಾಗ ಪ್ರಯೋಗಾಲಯದಲ್ಲಿ ಒಂದು ಅಳತೆಯನ್ನು ಬದಲಾಯಿಸಿ ಬರೆಯಲು ಕೈ ಬರುತ್ತಿರಲಿಲ್ಲ. ಇಲ್ಲಿ ಮಾತ್ರ ಸಲೀಸಾಗಿ ಸುಳ್ಳು ಹೇಳಿದ್ದೆ. ಕಾರಣ ಇಷ್ಟೇ: ಸರಿಯಾದ ಉತ್ತರ ಯಾವುದೆಂದು ನನಗೆ ಗೊತ್ತಿತ್ತು. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಎಂಬುದನ್ನು ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದೆ, ಮೊಬೈಲಿನಲ್ಲಿ ಓದಿದ್ದೆ, ಅವ್ವನಿಗೆ ಭಾಷಣವನ್ನೂ ಮಾಡಿದ್ದೆ. ಪರೀಕ್ಷೆಯಲ್ಲಿ ಕೂತವಳಂತೆ ಉತ್ತರಿಸಿದೆ. ಎಷ್ಟು ಓದಿಕೊಂಡಿರುತ್ತೇವೋ ಅಷ್ಟು ಚೆನ್ನಾಗಿ ಇಂಥ ಪ್ರಶ್ನೆಗೆ ಸುಳ್ಳು ಹೇಳಬಲ್ಲೆವು.

ಆ ‘ಇಲ್ಲ’ ಎಲ್ಲಿಗೆ ಹೋಯಿತು ಎನ್ನುವುದನ್ನು ಹೇಳಬೇಕು. ಕೇಂದ್ರ ಆರೋಗ್ಯ ಸಚಿವಾಲಯದ ಪರವಾಗಿ ಈ ಸಮೀಕ್ಷೆಯನ್ನು ನಡೆಸುವುದು ಮುಂಬೈನ ದೇವನಾರ್‌ನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನಗಳ ಸಂಸ್ಥೆ. 1992-93ರಲ್ಲಿ ಮೊದಲ ಸುತ್ತು; ನಮ್ಮ ಮನೆಗೆ ಬಂದದ್ದು ಐದನೆಯದು, 2019-21ರದು. ಆ ಸುತ್ತಿನಲ್ಲಿ 707 ಜಿಲ್ಲೆಗಳ 6,36,699 ಮನೆಗಳಲ್ಲಿ, 7,24,115 ಮಹಿಳೆಯರನ್ನು ಮಾತಾಡಿಸಿದರು. ಅವರಲ್ಲಿ ಆರು ತಿಂಗಳೊಳಗಿನ ಕೂಸಿದ್ದವರ ಉತ್ತರಗಳನ್ನು ಕೂಡಿಸಿ ಬಂದ ಅಂಕಿ ಶೇ 63.7. ಅಂದರೆ ದೇಶದ ಆರು ತಿಂಗಳೊಳಗಿನ ನೂರು ಕೂಸುಗಳಲ್ಲಿ ಸುಮಾರು ಅರವತ್ತನಾಲ್ಕು ಕೇವಲ ಎದೆಹಾಲು ಕುಡಿಯುತ್ತಿವೆ. 2005-06ರಲ್ಲಿ ಇದು 46ರ ಆಸುಪಾಸಿನಲ್ಲಿತ್ತು, 2015-16ರಲ್ಲಿ 54.9. ವಿಶ್ವ ಆರೋಗ್ಯ ಸಂಸ್ಥೆ 2025ಕ್ಕೆಂದು ಇಟ್ಟಿದ್ದ ಗುರಿ ಕನಿಷ್ಠ ಶೇ 50. ಅದನ್ನು ನಾವು ಎಂದೋ ದಾಟಿದ್ದೇವೆ. ಪ್ರತಿ ವರ್ಷ ಆಗಸ್ಟ್ ಮೊದಲ ವಾರ, ಸ್ತನ್ಯಪಾನ ಸಪ್ತಾಹ ಬಂತೆಂದರೆ ಈ ಏರುಗತಿಯ ಚಿತ್ರ ನನ್ನ ಮೊಬೈಲಿಗೂ ಬರುತ್ತದೆ. ನೋಡಿದಾಗಲೆಲ್ಲ ಅವ್ವನ ಚಮಚ ನೆನಪಾಗುತ್ತದೆ.

ಎರಡು ಚಮಚ ನೀರಿಗೆ ಇಷ್ಟು ರಾದ್ಧಾಂತವೇಕೆ ಎಂದು ಕೇಳಬಹುದು. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ ಇದೆ. ಬೇಸಿಗೆಯಲ್ಲೂ ಕೂಸಿಗೆ ಬೇರೆ ನೀರು ಬೇಕಾಗುವುದಿಲ್ಲ. ಹೊರಗಿನ ನೀರು ಪುಟ್ಟ ಹೊಟ್ಟೆಯನ್ನು ತುಂಬಿಸಿ ಹಾಲು ಕುಡಿಯುವುದನ್ನು ಕಡಿಮೆ ಮಾಡುತ್ತದೆ, ನೀರು ಶುದ್ಧವಿಲ್ಲದಿದ್ದರೆ ಭೇದಿ ತರುತ್ತದೆ. ಹಾಗಾಗಿ ಲೆಕ್ಕದಲ್ಲಿ ನೀರು ಕೊಟ್ಟ ಮಗು ‘ಕೇವಲ ಎದೆಹಾಲು’ ಗುಂಪಿನಿಂದ ಹೊರಗೆ. ಔಷಧಿ, ವಿಟಮಿನ್ ಹನಿ, ಓಆರ್‌ಎಸ್ ಕೊಟ್ಟರೆ ಮಾತ್ರ ಗುಂಪಿನಲ್ಲೇ ಉಳಿಯುತ್ತದೆ. ಹಾಗಾದರೆ ನಮ್ಮ ಕಡೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸುವುದು ಯಾವುದರಲ್ಲಿ ಬರುತ್ತದೆ? ಪುಣೆಯ ಅಜ್ಜಿಯರೂ ಅದನ್ನೇ ಬಾಳಗುಟಿ ಎಂದು ತೇಯುತ್ತಾರೆ. ಅಜ್ಜಿಯನ್ನು ಕೇಳಿದರೆ ಔಷಧಿ. ವೈದ್ಯರನ್ನು ಕೇಳಿದರೆ ಬೈಗುಳ. ಸಂದರ್ಶನ ಮಾಡುವ ಹುಡುಗಿ ಆ ಕ್ಷಣದಲ್ಲಿ ಯಾವ ಗುಂಡಿ ಒತ್ತುತ್ತಾಳೋ ಅದೇ ರಾಷ್ಟ್ರದ ತೀರ್ಮಾನ.

‘ನಿನ್ನೆ’ ಎಂದೇ ಕೇಳುವುದಕ್ಕೂ ಕಾರಣವಿದೆ. ಎಷ್ಟು ತಿಂಗಳವರೆಗೆ ಬರೀ ಎದೆಹಾಲು ಕೊಟ್ಟಿರಿ ಎಂದು ಹಿಂದಿನದನ್ನು ಕೇಳಿದರೆ ಯಾರಿಗೂ ಸರಿಯಾಗಿ ನೆನಪಿರುವುದಿಲ್ಲ. ನಿನ್ನೆಯದು ನೆನಪಿರುತ್ತದೆ. ಇದು ಒಳ್ಳೆಯ ಉಪಾಯ. ಆದರೆ ಅದರ ಜೊತೆಗೆ ಒಂದು ಷರತ್ತು ಬರುತ್ತದೆ, ಜಾಹೀರಾತಿನಲ್ಲಿ ಯಾರೂ ಅದನ್ನು ಬರೆಯುವುದಿಲ್ಲ. ಮೊನ್ನೆ ನೀರು ಕೊಟ್ಟು ನಿನ್ನೆ ಕೊಡದ ತಾಯಿ ಇದರಲ್ಲಿ ಉತ್ತೀರ್ಣ. ಹತ್ತು ದಿನದ ಕೂಸು, ಐದೂವರೆ ತಿಂಗಳ ಕೂಸು ಎರಡೂ ಒಂದೇ ರಾಶಿಯಲ್ಲಿ ಬೀಳುತ್ತವೆ. ಹತ್ತು ದಿನದ ಕೂಸಿಗೆ ಎದೆಹಾಲಷ್ಟೇ ಕೊಡುವುದು ಐದನೇ ತಿಂಗಳಲ್ಲಿ ಕೊಡುವಷ್ಟು ಕಷ್ಟವಲ್ಲ. ವಯಸ್ಸು ಏರಿದಂತೆ ಈ ಪ್ರಮಾಣ ಇಳಿಯುತ್ತಾ ಹೋಗುವುದು ಎಲ್ಲ ಸುತ್ತುಗಳಲ್ಲೂ ಕಂಡದ್ದೇ. ಆದ್ದರಿಂದ 63.7 ಎಂದರೆ ನೂರಕ್ಕೆ ಅರವತ್ತನಾಲ್ಕು ಮಕ್ಕಳು ಆರು ತಿಂಗಳು ಪೂರೈಸಿದರು ಎಂದಲ್ಲ. ಪೂರೈಸಿದವರು ಅದಕ್ಕಿಂತ ಸಾಕಷ್ಟು ಕಡಿಮೆ.

ಇಷ್ಟಾದರೂ ಈ ಸಮೀಕ್ಷೆಯ ಮೇಲೆ ನನಗೆ ಗೌರವವಿದೆ. ಅದೇ ಪ್ರಶ್ನೆಯನ್ನು ಅದೇ ರೀತಿಯಲ್ಲಿ ಸುತ್ತಿನಿಂದ ಸುತ್ತಿಗೆ ಕೇಳುತ್ತಾರೆ. ನನ್ನಂಥವರ ಸುಳ್ಳು ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದ್ದರೆ, ಏರಿಕೆ ನಿಜವಾದ ಏರಿಕೆಯೇ. ಆಯ್ಕೆಯಾದ ಮನೆಯಲ್ಲಿ ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರುವಂತಿಲ್ಲ. ಮತ್ತೆ ಅದೇ ಮನೆಗೆ ಬರಬೇಕು. ಇಂಥ ಶಿಸ್ತಿನ ಮೇಲೆ ನಿಂತ ಅಂಕಿ ಅದು. ನನ್ನ ತಕರಾರು ಅಂಕಿಯನ್ನು ಓದುವವರ ಮೇಲೆ. ಆ ಓದುವವರಲ್ಲಿ ನಾನೂ ಒಬ್ಬಳು.

ಮಗನಿಗೆ ಎರಡೂವರೆ ವರ್ಷವಾದಾಗ, ಕಚೇರಿಯಲ್ಲಿ ನಮ್ಮ ತಂಡಕ್ಕೆ ಒಂದು ಕೆಲಸ ಬಂತು. ಸಮೀಕ್ಷೆಯ ಜಿಲ್ಲಾವಾರು ಅಂಕಿಗಳನ್ನು ತೆಗೆದುಕೊಂಡು ನಕ್ಷೆಯ ಮೇಲೆ ಬಣ್ಣ ಬಳಿಯುವ ಡ್ಯಾಶ್‌ಬೋರ್ಡ್ ಕಟ್ಟಬೇಕು. ಚೆನ್ನಾಗಿರುವ ಜಿಲ್ಲೆ ಹಸಿರು, ನಡುವಿನದು ಹಳದಿ, ಹಿಂದುಳಿದದ್ದು ಕೆಂಪು. ಒತ್ತಿದರೆ ಜಿಲ್ಲೆಗೊಂದು ಸ್ಥಾನ: ಇಷ್ಟರಲ್ಲಿ ಇಷ್ಟನೆಯದು. ದತ್ತಾಂಶ ಶುದ್ಧೀಕರಣ ನನ್ನ ಪಾಲಿಗೆ. ಜಿಲ್ಲೆಗಳ ಹಾಳೆಗಳಲ್ಲಿ ಎದೆಹಾಲಿನ ಸಾಲಿಗೆ ಬಂದರೆ ಅಂಕಿಗಳು ವಿಚಿತ್ರವಾಗಿದ್ದವು. ಹಲವು ಕಡೆ ಅಂಕಿಯ ಸುತ್ತ ಬ್ರಾಕೆಟ್. ಕೆಲವು ಕಡೆ ಅಂಕಿಯೇ ಇಲ್ಲ, ಒಂದು ನಕ್ಷತ್ರದ ಗುರುತು. ಬ್ರಾಕೆಟ್ ಹಾಕಿದ ಸಂಖ್ಯೆಯನ್ನು ಎಕ್ಸೆಲ್ ಲೆಕ್ಕಪತ್ರದ ಪದ್ಧತಿಯಂತೆ ಋಣಸಂಖ್ಯೆ ಎಂದು ಓದುತ್ತದೆ. ಒಂದು ಜಿಲ್ಲೆಯಲ್ಲಿ ಎದೆಹಾಲಿನ ಪ್ರಮಾಣ ಮೈನಸ್ ಐವತ್ತು ಎಂದು ಬಂದಾಗ ತಂಡವೆಲ್ಲ ನಕ್ಕಿತು. ನಾನು ಎರಡು ಸಾಲು ಕೋಡ್ ಬರೆದೆ: ಬ್ರಾಕೆಟ್ ಕಿತ್ತುಹಾಕು, ನಕ್ಷತ್ರವಿದ್ದರೆ ಖಾಲಿ ಬಿಡು. ಮುಂದಿನ ಹಂತದಲ್ಲಿ ಇನ್ನೊಬ್ಬರ ಕೋಡು ಖಾಲಿಯನ್ನು ಸೊನ್ನೆ ಮಾಡಿತು. ಸೊನ್ನೆಗೆ ಕೆಂಪು ಬಣ್ಣ. ಶುಕ್ರವಾರ ಸಂಜೆ ಗ್ರಾಹಕರಿಗೆ ತೋರಿಸಿದೆವು. ಚಪ್ಪಾಳೆಯೂ ಬಿತ್ತು.

ಆ ಗುರುತುಗಳ ಅರ್ಥ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ನಾನು ಓದಿದ್ದು ಆ ಚಪ್ಪಾಳೆಯ ನಂತರ. ಬ್ರಾಕೆಟ್ ಎಂದರೆ ಆ ಜಿಲ್ಲೆಯಲ್ಲಿ ಸಿಕ್ಕ ಅಂಥ ಮಕ್ಕಳು 25ರಿಂದ 49 ಮಾತ್ರ, ಎಚ್ಚರಿಕೆಯಿಂದ ಓದಿ ಎಂದು. ನಕ್ಷತ್ರ ಎಂದರೆ 25ಕ್ಕಿಂತಲೂ ಕಡಿಮೆ, ಅಂಕಿ ಕೊಡುವುದೇ ತಪ್ಪಾಗುತ್ತದೆ ಎಂದು. ಸಮೀಕ್ಷೆ ಮಾಡಿದವರು ಪ್ರಾಮಾಣಿಕವಾಗಿ ಬರೆದಿದ್ದ ಎಚ್ಚರಿಕೆಯನ್ನು ನಾನು ಕಸವೆಂದು ಗುಡಿಸಿ ಹಾಕಿದ್ದೆ.

ಆ ರಾತ್ರಿ ಕೂತು ಒಂದು ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಬಹುದು, ಕಷ್ಟವೇನಿಲ್ಲ. 6,36,699 ಮನೆಗಳನ್ನು 707 ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಸುಮಾರು 900 ಮನೆ. ಮನೆಗೆ ನಾಲ್ಕೂವರೆ ಜನ ಎಂದರೂ ನಾಲ್ಕು ಸಾವಿರ ಜನ. ಸಾವಿರ ಜನಕ್ಕೆ ವರ್ಷಕ್ಕೆ 18 ಹೆರಿಗೆ ಎಂದು ಹಿಡಿದರೆ 72 ಮಕ್ಕಳು. ಅದರಲ್ಲಿ ಆರು ತಿಂಗಳೊಳಗಿನವು ಅರ್ಧ: 36. ಇಡೀ ಜಿಲ್ಲೆಯ ಎದೆಹಾಲಿನ ಸ್ಥಿತಿ ನಿಂತಿರುವುದು ಮೂವತ್ತಾರು ತಾಯಂದಿರ ನಿನ್ನೆಯ ಮೇಲೆ. ಶೇ 60 ಎಂದು ಬಂದಿದ್ದರೆ ನಿಜವಾದ ಪ್ರಮಾಣ 44ರಿಂದ 76ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಐದು ಮನೆಗಳಲ್ಲಿ ಐದು ಅಜ್ಜಿಯರು ಬಿಕ್ಕಳಿಕೆಗೆಂದು ಒಂದೊಂದು ಚಮಚ ನೀರು ಕುಡಿಸಿದರೆ, ಜಿಲ್ಲೆಯ ಅಂಕಿ ಸುಮಾರು ಹದಿನಾಲ್ಕು ಅಂಶ ಬಿದ್ದು, ಹಸಿರು ಹೋಗಿ ಕೆಂಪಾಗುತ್ತದೆ. ನನ್ನಂಥ ಐವರು ಸುಳ್ಳು ಹೇಳಿದರೆ ಕೆಂಪು ಹೋಗಿ ಹಸಿರಾಗುತ್ತದೆ. ಆ ಬಣ್ಣ ನೋಡಿ ಯಾವುದೋ ಸಭೆಯಲ್ಲಿ ಯಾವುದೋ ಆಶಾ ಕಾರ್ಯಕರ್ತೆ ನಿಂತು ಉತ್ತರ ಕೊಡಬೇಕಾಗುತ್ತದೆ.

ಸೋಮವಾರ ನಾನು ನಕ್ಷೆಗೆ ಬೂದು ಬಣ್ಣ ಸೇರಿಸಲು ಹೋದೆ: ‘ಹೇಳಲು ಸಾಕಷ್ಟು ಮಕ್ಕಳು ಸಿಕ್ಕಿಲ್ಲ’ ಎಂದು. ಜಿಲ್ಲೆಗಳ ದೊಡ್ಡದೊಂದು ಪಾಲು ಬೂದಾಯಿತು. ನೋಡಲು ಚೆನ್ನಾಗಿಲ್ಲ ಎಂದರು. ಒಂದು ವಾರ ಜಗಳಾಡಿ, ಕೊನೆಗೆ ಬೂದು ಉಳಿಯಿತು, ಆದರೆ ಸ್ಥಾನಪಟ್ಟಿಯೂ ಉಳಿಯಿತು. ಅರ್ಧ ಸೋಲು. ಕೆಂಪು ಹಸಿರು ನಕ್ಷೆ ಕಟ್ಟುವ ನನ್ನ ವೃತ್ತಿಬಾಂಧವರು ಪುಣೆ, ಬೆಂಗಳೂರು, ಹೈದರಾಬಾದಿನಲ್ಲಿ ಸಾವಿರಾರು ಮಂದಿ ಇದ್ದೀರಿ. ಬ್ರಾಕೆಟ್ ಕೀಳುವ ಮೊದಲು ಕೆಳಗಿನ ಸಣ್ಣ ಅಕ್ಷರವನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ. ರಾಷ್ಟ್ರಕ್ಕೆ, ರಾಜ್ಯಕ್ಕೆ ಸಾಕಾಗುವ ಅಂಕಿ ಜಿಲ್ಲೆಗೆ ಸಾಕಾಗುವುದಿಲ್ಲ.

ನಾನು ಇದೆಲ್ಲಕ್ಕಿಂತ ಹೆಚ್ಚು ಹೇಳಬೇಕಾದ್ದು ಇನ್ನೊಂದು ಅಂಕಿಯ ಬಗ್ಗೆ. ಅದು ಜಾಹೀರಾತಿನಲ್ಲಿ ಬರುವುದಿಲ್ಲ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳ ಪ್ರಮಾಣ. 2005-06ರಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆಯಿತ್ತು. ಹತ್ತು ವರ್ಷದಲ್ಲಿ 41.6ಕ್ಕೆ ಏರಿತು. ಸಂತೋಷ. ಆಮೇಲೆ? 2019-21ರಲ್ಲಿ 41.8. ನಿಂತಲ್ಲೇ ನಿಂತಿದೆ. ಇದೇ ಅವಧಿಯಲ್ಲಿ ಆಸ್ಪತ್ರೆಯಲ್ಲಿ ಆಗುವ ಹೆರಿಗೆ ಶೇ 78.9ರಿಂದ 88.6ಕ್ಕೆ ಹೋಯಿತು. ಮನೆಯಲ್ಲಿ ಹೆರಿಗೆಯಾಗಿದ್ದರೆ ಜೇನು ನೆಕ್ಕಿಸಿದರು, ಸಕ್ಕರೆ ನೀರು ಕೊಟ್ಟರು, ಗಿಣ್ಣುಹಾಲನ್ನು ಚೆಲ್ಲಿದರು ಎಂದು ಅಜ್ಜಿಯರನ್ನು ದೂರಬಹುದಿತ್ತು. ನೂರರಲ್ಲಿ ಸುಮಾರು ಎಂಬತ್ತೊಂಬತ್ತು ಹೆರಿಗೆ ವೈದ್ಯರು, ನರ್ಸುಗಳ ಕಣ್ಣೆದುರೇ ಆಗುತ್ತಿರುವಾಗ ಆ ಮೊದಲ ಗಂಟೆ ಯಾರ ಕೈಯಲ್ಲಿದೆ?

ನಮ್ಮ ಕರ್ನಾಟಕದ ಅಂಕಿ ನಿಂತೂ ಇಲ್ಲ, ಇಳಿದಿದೆ. 2015-16ರಲ್ಲಿ ಸುಮಾರು 56 ಇದ್ದದ್ದು ಐದನೇ ಸುತ್ತಿನಲ್ಲಿ 49. ಅದೇ ಅವಧಿಯಲ್ಲಿ ರಾಜ್ಯದ ಸಿಸೇರಿಯನ್ ಹೆರಿಗೆಗಳು ನೂರಕ್ಕೆ 24ರ ಸುಮಾರಿನಿಂದ 31ರ ಮೇಲಕ್ಕೆ ಹೋದವು. ದೇಶದ ಖಾಸಗಿ ಆಸ್ಪತ್ರೆಗಳಲ್ಲಂತೂ ಹೆರಿಗೆಗಳ ಶೇ 47ರಷ್ಟು ಸಿಸೇರಿಯನ್. ಒಂದರಿಂದಲೇ ಇನ್ನೊಂದಾಯಿತು ಎಂದು ಬರೀ ಈ ಅಂಕಿಗಳಿಂದ ಸಾಧಿಸಲಾಗದು, ಅದು ನನಗೂ ಗೊತ್ತು. ಆದರೆ ನನ್ನ ವಿಷಯದಲ್ಲಿ ಏನಾಯಿತೆಂಬುದು ನನಗೆ ಚೆನ್ನಾಗಿ ಗೊತ್ತು.

ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆ. ಸಂಜೆ ಏಳಕ್ಕೆ ಸಿಸೇರಿಯನ್ ಆಯಿತು. ನನಗೆ ಪೂರ್ಣ ಎಚ್ಚರವಿತ್ತು, ಮಗು ಅತ್ತದ್ದನ್ನು ಕೇಳಿದೆ. ಮುಖ ತೋರಿಸಿದರು, ಒಯ್ದರು. ನನ್ನನ್ನು ಒಂದು ಕೋಣೆಯಲ್ಲಿ ಮಲಗಿಸಿದರು, ಅವನನ್ನು ಇನ್ನೊಂದರಲ್ಲಿ. ಮಗು ಹುಷಾರಾಗಿದೆಯಾ ಎಂದರೆ ಹೌದು. ಹಾಗಾದರೆ ತನ್ನಿ ಎಂದರೆ, “ನಿಮಗ ಈಗ ಆಗಂಗಿಲ್ರಿ, ನಾವು ಹಾಲು ಕುಡಿಸೀವಿ.” ಯಾವ ಹಾಲು? ಡಬ್ಬಿಯದು. ನನ್ನನ್ನಾಗಲಿ, ಹೊರಗೆ ಕೂತಿದ್ದ ಅವ್ವನನ್ನಾಗಲಿ, ನನ್ನ ಗಂಡನನ್ನಾಗಲಿ ಯಾರೂ ಕೇಳಿರಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಮಗು ಮೊದಲ ಬಾರಿ ನನ್ನ ಎದೆಗೆ ಬಂತು. ಹದಿಮೂರು ಗಂಟೆ. ಬೆನ್ನಿಗೆ ಅರಿವಳಿಕೆ ಕೊಟ್ಟು ಮಾಡುವ ಸಿಸೇರಿಯನ್ನಿನಲ್ಲಿ, ತಾಯಿ ಮಗು ಇಬ್ಬರೂ ಹುಷಾರಿದ್ದರೆ, ಪಕ್ಕದಲ್ಲಿ ಒಬ್ಬ ನರ್ಸು ಹಿಡಿದುಕೊಂಡು ನಿಂತರೆ ಮೊದಲ ಗಂಟೆಯಲ್ಲೇ ಹಾಲುಣಿಸಬಹುದು ಎಂದು ಆಮೇಲೆ ಓದಿ ತಿಳಿದೆ. ಬೇಕಿದ್ದದ್ದು ಒಬ್ಬ ನರ್ಸಿನ ಅರ್ಧ ಗಂಟೆ.

ಸಮೀಕ್ಷೆಯ ಹುಡುಗಿ “ಹುಟ್ಟಿದ ಎಷ್ಟು ಹೊತ್ತಿಗೆ ಮಗುವನ್ನು ಎದೆಗೆ ಹಾಕಿಕೊಂಡಿರಿ?” ಎಂದಾಗ ನಾನು ಸುಳ್ಳು ಹೇಳಲಿಲ್ಲ. ಹದಿಮೂರು ಗಂಟೆ ಎಂದೆ. ಅವಳು ಬರೆದುಕೊಂಡಳು. ಈಗ ಪರಊರಿನಲ್ಲಿರುವ ನಾವು ಗಮನಿಸಬೇಕಾದ ಸಂಗತಿ ಬರುತ್ತದೆ. ಈ ಸಮೀಕ್ಷೆ ಮನೆಯಿಂದ ಮನೆಗೆ ಹೋಗುವಂಥದ್ದು. ಹಿಂದಿನ ರಾತ್ರಿ ಯಾರು ಯಾವ ಮನೆಯಲ್ಲಿ ಮಲಗಿದ್ದರೋ ಅವರು ಆ ಮನೆಯ ಲೆಕ್ಕಕ್ಕೆ. ನಾನು ಮಲಗಿದ್ದು ವಾಕಡ್‌ನಲ್ಲಿ. ಹುಬ್ಬಳ್ಳಿಯ ಆಸ್ಪತ್ರೆಯ ಹದಿಮೂರು ಗಂಟೆ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಖಾತೆಗೆ ಜಮೆಯಾಯಿತು. ಅವರು ಒಂದು ತಿಂಗಳು ಮೊದಲು ಧಾರವಾಡದ ನಮ್ಮ ಮನೆಗೆ ಬಂದಿದ್ದರೆ, ನಾನು ಅಲ್ಲಿಗೆ ಬಾಣಂತನಕ್ಕೆ ಬಂದವಳಾದರೂ, ಧಾರವಾಡದ ಲೆಕ್ಕಕ್ಕೆ ಸೇರುತ್ತಿದ್ದೆ. ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೋ ಖಾಸಗಿಯಲ್ಲೋ ಎಂದು ಅವಳು ಕೇಳಿದಳು. ಯಾವ ಊರಿನಲ್ಲಿ ಎಂದು ಕೇಳಲಿಲ್ಲ.

ತವರಿಗೆ ಹೋಗಿ ಹೆರುವುದು ನಮ್ಮಲ್ಲಿ ಪದ್ಧತಿ. ಮುಂಬೈ, ಪುಣೆ, ಹೈದರಾಬಾದಿನ ಎಷ್ಟು ಕನ್ನಡತಿಯರು ಏಳನೇ ತಿಂಗಳಿಗೆ ಕಲಬುರಗಿ, ಬಾಗಲಕೋಟೆ, ಉಡುಪಿಯ ರೈಲು, ಬಸ್ಸು ಹತ್ತುತ್ತಾರೆ! ಮೊದಲ ಮೂರು ನಾಲ್ಕು ತಿಂಗಳು ತವರಿನಲ್ಲಿ ಕಳೆಯುತ್ತೇವೆ. ಅಲ್ಲಿ ಎರೆಯುವವರಿದ್ದಾರೆ, ಬೇಯಿಸಿ ಹಾಕುವವರಿದ್ದಾರೆ, ಕೂಸಿಗೆ ಹಾಲು ಕೊಡುವುದೊಂದೇ ನಮ್ಮ ಕೆಲಸ. ಕಷ್ಟದ ನಾಲ್ಕನೇ, ಐದನೇ ತಿಂಗಳಿಗೆ ನಗರಕ್ಕೆ ಮರಳುತ್ತೇವೆ. ಸುಲಭದ ತಿಂಗಳುಗಳು ಊರಿನ ಪಾಲು, ಕಷ್ಟದವು ನಗರದ ಪಾಲು. ಐದನೇ ಸುತ್ತಿನಲ್ಲಿ ಕೇವಲ ಎದೆಹಾಲಿನ ಪ್ರಮಾಣ ಹಳ್ಳಿಗಳಲ್ಲಿ 65.1, ನಗರಗಳಲ್ಲಿ 59.6. ನಗರದ ಹೆಂಗಸರಿಗೆ ಡಬ್ಬಿ ಹಾಲಿನ ಷೋಕಿ ಎಂದು ಇದನ್ನು ಓದಿ ಬರೆದವರಿದ್ದಾರೆ. ಈ ಅಂತರದಲ್ಲಿ ಬಾಣಂತನದ ರೈಲಿನ ಪಾಲೂ ಒಂದಿಷ್ಟು ಇರಬಹುದೆಂದು ನನ್ನ ಗುಮಾನಿ.

ಆಸ್ಪತ್ರೆಗಳಿಗೆ ತಮ್ಮದೇ ಲೆಕ್ಕ ಇಲ್ಲವೇ? ಇದೆ. ಆರೋಗ್ಯ ಇಲಾಖೆಗೆ ತಿಂಗಳು ತಿಂಗಳು ಹೋಗುವ ವರದಿಯಲ್ಲಿ ಒಂದು ಗಂಟೆಯೊಳಗೆ ಎದೆಹಾಲು ಕುಡಿದ ಮಕ್ಕಳ ಸಂಖ್ಯೆ ಎಂಬ ಕಾಲಮ್ಮೇ ಇದೆ. ಅಲ್ಲಿಯ ಅಂಕಿಗಳು ಸಮೀಕ್ಷೆಯದಕ್ಕಿಂತ ಬಹಳ ಮೇಲಿರುತ್ತವೆ. ಒಂದೇ ಹೆರಿಗೆಯ ಬಗ್ಗೆ ಆಸ್ಪತ್ರೆ ಒಂದು ಹೇಳುತ್ತದೆ, ತಾಯಿ ಇನ್ನೊಂದು ಹೇಳುತ್ತಾಳೆ. ನೀರಿನ ವಿಷಯದಲ್ಲಿ ಸುಳ್ಳು ಹೇಳಿದ ನಾನು ಈ ವಿಷಯದಲ್ಲಿ ತಾಯಿಯನ್ನು ನಂಬಿ ಎನ್ನುತ್ತೇನೆ. ನೀರು ನಮ್ಮ ಅಪರಾಧ, ಮುಚ್ಚಿಡುತ್ತೇವೆ. ಮೊದಲ ಗಂಟೆ ನಮ್ಮ ಅಪರಾಧವಲ್ಲ. ಮುಚ್ಚಿಡಬೇಕಾದವರು ಬೇರೆ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಸಮೀಕ್ಷೆಯಲ್ಲಿ ಒಂದು ಪ್ರಶ್ನೆ ಸೇರಲಿ: ಹೆರಿಗೆ ಯಾವ ಜಿಲ್ಲೆಯಲ್ಲಿ ಆಯಿತು? ಮೊದಲ ಗಂಟೆಯ ಅಂಕಿ, ತಾಯಿ ಮಲಗಿದ ಊರಿನ ಹೆಸರಿನಲ್ಲಿ ಅಲ್ಲದೆ ಮಗು ಹುಟ್ಟಿದ ಊರಿನ ಹೆಸರಿನಲ್ಲೂ ಪ್ರಕಟವಾಗಲಿ. ಕರ್ನಾಟಕ ಸರ್ಕಾರ ಅದಕ್ಕೂ ಕಾಯಬೇಕಿಲ್ಲ. ತಾಯಿ ಕಾರ್ಡಿನಲ್ಲಿ ಒಂದು ಸಾಲು ಸಾಕು: ಮೊದಲ ಹಾಲು ಎಷ್ಟು ಗಂಟೆಗೆ? ಅದನ್ನು ಬರೆಯಬೇಕಾದವಳು ನರ್ಸ್ ಅಲ್ಲ, ತಾಯಿ ಅಥವಾ ಅವಳ ಜೊತೆಗಿದ್ದವರು. ಡಬ್ಬಿ ಹಾಲಿನ ಜಾಹೀರಾತನ್ನು ನಿಷೇಧಿಸುವ ಕಾನೂನು 1992ರಿಂದ ಇದೆ, 2003ರಲ್ಲಿ ಅದನ್ನು ಬಿಗಿಗೊಳಿಸಿದ್ದೂ ಆಗಿದೆ. ಜಾಹೀರಾತಿಲ್ಲದ ಆ ಡಬ್ಬಿ ರಾತ್ರಿ ಏಳಕ್ಕೆ ನನ್ನ ಮಗನ ಬಾಯಿಗೆ ಹೇಗೆ ಬಂತು ಎಂಬುದನ್ನು ಯಾರಾದರೂ ಬರೆದಿಡಬೇಕಲ್ಲ.

ರಜೆಯ ಮಾತು ಬಿಟ್ಟರೆ ಇದು ಅರೆಬರೆ. 2017ರ ತಿದ್ದುಪಡಿಯಿಂದ ನನಗೆ 26 ವಾರಗಳ ಸಂಬಳ ಸಹಿತ ರಜೆ ಸಿಕ್ಕಿತು. ಆರು ತಿಂಗಳು ಎದೆಹಾಲು, ಆರು ತಿಂಗಳು ರಜೆ, ಲೆಕ್ಕ ಕೂಡಿತಲ್ಲ ಎನ್ನಿಸುತ್ತದೆ. ಹೆರಿಗೆಗೆ ಮುಂಚೆ ನಾಲ್ಕು ವಾರ ರಜೆ ತೆಗೆದುಕೊಂಡೆ, ಉಳಿದದ್ದು 22. ಐವತ್ತು ಅಥವಾ ಹೆಚ್ಚು ನೌಕರರಿದ್ದ ಕಡೆ ಕೂಸಿನಮನೆ ಇರಬೇಕೆಂದು ಅದೇ ಕಾನೂನು ಹೇಳುತ್ತಿತ್ತು. ನಮ್ಮಲ್ಲಿ ಅದು ಒಂದು ಒಪ್ಪಂದದ ಕಾಗದ, ಒಂಬತ್ತು ಕಿಲೋಮೀಟರ್ ದೂರ. ಕಚೇರಿಯ ಔಷಧಿ ಕೋಣೆಯಲ್ಲಿ ಪಂಪ್ ಹಿಡಿದು ಕೂತ ದಿನಗಳನ್ನು ಬರೆಯಹೊರಟರೆ ಅದೇ ಇನ್ನೊಂದು ಅಂಕಣವಾದೀತು. ಆದರೂ ನಾನು ಅದೃಷ್ಟವಂತಳೇ.

ನಮ್ಮ ಕಟ್ಟಡದ ಪಕ್ಕ ಆಗ ಇನ್ನೊಂದು ಏಳುತ್ತಿತ್ತು. ತಗಡಿನ ಶೆಡ್ಡುಗಳು. ಸಂಜೆ ಮಗನನ್ನು ಎತ್ತಿಕೊಂಡು ಕೆಳಗೆ ನಿಂತಾಗ ಕನ್ನಡ ಕಿವಿಗೆ ಬಿತ್ತು. ಯಾದಗಿರಿ ಕಡೆಯ ಹೆಣ್ಣುಮಗಳು, ಸೊಂಟದಲ್ಲಿ ಮೂರು ತಿಂಗಳ ಕೂಸು. ಕನ್ನಡ ಬಲ್ಲವಳು ಎಂದು ಗೊತ್ತಾದ ಮೇಲೆ ದಿನಾ ಮಾತಿಗೆ ಸಿಕ್ಕಳು. ಹಗಲು ಕೂಸನ್ನು ಆರು ವರ್ಷದ ದೊಡ್ಡ ಮಗಳು ನೋಡಿಕೊಳ್ಳುತ್ತಾಳೆ. ಅತ್ತರೆ ಸಕ್ಕರೆ ನೀರು. ಹಾಲು ಸಾಕಾಗುವುದಿಲ್ಲವೇ ಎಂದು ನಾನು ನನ್ನ ಓದಿನ ಪ್ರಶ್ನೆ ಕೇಳಿದೆ. “ಹಾಲು ಬಾಳ ಐತ್ರಿ ಅಕ್ಕಾರ. ಪುರಸೊತ್ತಿಲ್ರಿ” ಎಂದಳು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಕೆಲಸದಲ್ಲಿ ಕೂಸಿನಮನೆ ಇರಬೇಕೆಂದು ಆಗ ಜಾರಿಯಲ್ಲಿದ್ದ 1996ರ ಕಾನೂನು ಹೇಳುತ್ತಿತ್ತು. ಅಲ್ಲಿದ್ದದ್ದು ಹದಿನೇಳೋ ಹದಿನೆಂಟೋ ಹೆಂಗಸರು. ಮಾತೃವಂದನಾ ಯೋಜನೆಯಲ್ಲಿ ಆಗ ಮೊದಲ ಮಗುವಿಗೆ ಮಾತ್ರ 5,000 ರೂಪಾಯಿ ಬರುತ್ತಿತ್ತು. ಇದು ಅವಳ ಎರಡನೆಯದು.

ಸಮೀಕ್ಷೆಯವರು ಅವಳ ಶೆಡ್ಡಿಗೆ ಹೋಗಿದ್ದರೇ? ಎಲ್ಲೆಲ್ಲಿ ಸಮೀಕ್ಷೆ ಮಾಡಬೇಕೆಂದು ಆರಿಸಿದ್ದು 2011ರ ಜನಗಣತಿಯ ಪಟ್ಟಿಯಿಂದ. ಆಗ ಆ ಜಾಗದಲ್ಲಿ ಹೊಲವಿತ್ತೆಂದು ನಮ್ಮ ಮನೆ ಮಾಲೀಕರು ಹೇಳುತ್ತಾರೆ. ಆಯ್ಕೆಯಾದ ಜಾಗಗಳಲ್ಲಿ ಮನೆಗಳ ಪಟ್ಟಿಯನ್ನು ಹೊಸದಾಗಿ ಮಾಡುತ್ತಾರೆ, ನಿಜ. ಆದರೆ ಪಟ್ಟಿ ಮಾಡಿದ ದಿನ ಇದ್ದ ಶೆಡ್ಡು ಪ್ರಶ್ನೆ ಕೇಳುವ ದಿನ ಇರಬೇಕೆಂದಿಲ್ಲ. 2021ರಲ್ಲಿ ಆಗಬೇಕಿದ್ದ ಜನಗಣತಿಯೂ ಮುಂದೆ ಹೋಯಿತು.

ದೀಪಾವಳಿಯ ಹೊತ್ತಿಗೆ ಸ್ಲ್ಯಾಬ್ ಕೆಲಸ ಮುಗಿಯಿತು. ಶೆಡ್ಡುಗಳನ್ನು ಕಿತ್ತರು. ಅವಳು ಎಲ್ಲಿಗೆ ಹೋದಳೆಂದು ಮೇಸ್ತ್ರಿಯನ್ನು ಕೇಳಿದೆ. ಚಾಕಣ್ ಕಡೆಗಿರಬೇಕು, ಇಲ್ಲಾ ಊರಿಗೆ ಎಂದ.